ಮೂರನೇ ಗೀಟು

ಎರಡು ಡಬ್ಬಿ ಕೊಟ್ಟರು ಪಾಟಬಂಧಾರೆ ಆಫೀಸಿನವರು,
ಒಂದು ನೀಲಿ, ಒಂದು ಕೆಂಪು.
ಮೀಟರಿಗೆ ಇಷ್ಟು ಅಂತ ಕೂಲಿ. ಬ್ರಶ್ಶು ನಂದ.
ನಾನು ಇಲಾಹಿ ಪೇಂಟರ. ಶಿರೋಳ ತಾಲೂಕಿನಾಗ
ಹಾಲಿನ ಡೇರಿ, ಸಲೂನು, ಟ್ರ್ಯಾಕ್ಟರಿನ ಹಿಂದಿನ ಫಳಿ,
ಗೆದ್ದವರ ಹೆಸರು, ಸೋತವರ ಹೆಸರು,
ಬಾಯಾಗ ಕನ್ನಡ, ಗ್ವಾಡಿ ಮ್ಯಾಲ ಮರಾಠಿ,
ಎಲ್ಲಾ ಬರದೀನಿ. ನೀರಿನ ಹೆಸರು ಬರದಿದ್ದಿಲ್ಲ.

ನೀಲಿ ಅಂದ್ರ ಇಪ್ಪತ್ತೈದು ವರ್ಷಕ್ಕೊಮ್ಮೆ ಬರೂ ನೀರು,
ಕೆಂಪು ಅಂದ್ರ ನೂರು ವರ್ಷಕ್ಕೊಮ್ಮೆ,
ಅಂದ ಸಾಹೇಬ, ಇನ್ನೂ ಮೀಸಿ ನೆಟ್ಟಗ ಬರದ ಹುಡುಗ.
ಹೊಳಿವಾಡದ ಕಟ್ಟಿ ಮ್ಯಾಲ ಕುಂತವರು ಬೆರಳು ಮಡಚಿದರು:
ಐದನೇ ಇಸ್ವಿಯಾಗ ಬಂತು, ಹತ್ತೊಂಬತ್ತರಾಗ ಬಂತು,
ಗ್ವಾಡಿ ಹಸಿ ಆರೂದ್ರೊಳಗ ಇಪ್ಪತ್ತೊಂದರಾಗ ಮತ್ತ ಬಂತು.
"ಹಂಗಾದ್ರ ನಾವು ಮುನ್ನೂರು ವರ್ಷದ ಮುದುಕ್ರೇನ್ರಿ ಸಾಹೇಬ್ರ?"
ಹುಡುಗ ನಕ್ಕ. ನಕ್ಕದ್ದು ಅವಗ ಚೊಲೊ ಅನಸಲಿಲ್ಲ,
ದುರ್ಬೀನಿಗೆ ಕಣ್ಣು ಹಚ್ಚಿದ.

ಗೀಟು ನಡೀತು.
ಲೈಟಿನ ಕಂಬದ ಸೊಂಟಕ್ಕ,
ಮಾನೇರ ಗೋಠಾದಾಗ ಗ್ವಾದಲಿ ಮ್ಯಾಲ,
ಬಸದಿ ಮೆಟ್ಟಲಾ ಎಣಿಸಿದರ ಒಂಬತ್ತನೇದಕ್ಕ,
ಸಾಲಿ ಬೋರ್ಡಿನ ಮ್ಯಾಲ, ಹಾಜರಿ ಅಂಕಿ ಕೆಳಗ.
ನನ್ನ ಮನೀಗೂ ಬಂತು.
ಮೈಮುನಾ ಸ್ಟೂಲು ತಂದು ಹಿಡದಳು, ಏನೂ ಅನ್ನಲಿಲ್ಲ.
ನಾ ಇಳದ ಮ್ಯಾಲ, ಕೆಳಗಿನ ಮಾಡದಾಗಿನ ಡಬ್ಬಿ
ಒಂದೊಂದ ಎತ್ತಿ ಮ್ಯಾಲಿನ ಮಾಡಕ್ಕ ಇಟ್ಟಳು.

ನೀಲಿ ಒಳಗ ಹೊಸಾ ಕೋಣಿ ಕಟ್ಟಂಗಿಲ್ಲ,
ಹಳೇದು ಬಿದ್ರ ಎಬ್ಬಸಂಗಿಲ್ಲ.
ಬದಲಿಗೆ ಗಾಯರಾಣದ ದಿಬ್ಬದಾಗ ಜಾಗ,
ಉತಾರದಾಗ ಹೆಸರಿದ್ದವರಿಗೆ.
ಅಕ್ಕಾತಾಯಿ ಹುಡಿಕ್ಯಾಡಿದಳು.
ಅಕೀ ಹೆಸರು ರೇಶನ್ ಕಾರ್ಡಿನಾಗ ಐತಿ, ಓಟಿನ ಯಾದಿಯಾಗ ಐತಿ,
ಡೇರಿ ಪುಸ್ತಕದಾಗ ಐತಿ, ಸತ್ತ ಎಮ್ಮಿ ಪಂಚನಾಮೆಯಾಗ ಐತಿ.
ಉತಾರದಾಗ ಮೈದುನಂದು.
"ದಿಬ್ಬ ಏರೂದು ಅಂವ," ಅಂದಳು, "ಮುಳುಗೂದು ನಾನು."

ಅಕೀ ಗ್ವಾಡಿಗೆ ನೀಲಿ ಎಳೀವಾಗ ನೋಡಿದೆ,
ಎರಡು ಗೇಣು ಕೆಳಗ ಒಂದು ಇದ್ದಿಲಿ ಗೀರು.
"ಹತ್ತೊಂಬತ್ತರ ನೀರಿನ ಗುರ್ತೇನಬೇ?"
"ಅಲ್ಲೋ. ಆ ನೀರು ಅಲ್ಲೈತಿ ನೋಡು, ಹೆಂಚಿನಾಗ.
ಇದು ನಾ ದಾವಣಿ ಬಿಚ್ಚಬೇಕಾಗಿದ್ದ ಹೊತ್ತು.
ಕೋಯ್ನಾದಾಗ ಬಿಟ್ಟಾರಂತ, ಆಲಮಟ್ಟ್ಯಾಗ ತಡದಾರಂತ,
ಮೊಬೈಲಿನಾಗ ಎರಡೂ ಸರಕಾರ ಜಗಳಾ ಹೂಡಿದ್ವು.
ನಾ ಕೇಳಕೋತ ಕುಂತೆ, ಯಾರು ಗೆಲ್ತಾರ ಅಂತ.
ಹೊಳಿ ಆಗ ಇಲ್ಲಿತನಕ ಬಂದಿತ್ತು."

ಸಂಜಿಕ ಡಬ್ಬಿ ತಳದಾಗ ಉಳದ ನೀಲಿ
ಉಳದ ಕೆಂಪಿನಾಗ ಸುರುವಿದೆ. ಕಡ್ಡಿಲೆ ತಿರುವಿದೆ.
ಕೃಷ್ಣೆ ದಂಡಿ ಬದನಿಕಾಯಿ ಬಣ್ಣ ಬಂತು, ಅದ ಹೊಳಪು.
ಆ ಇದ್ದಿಲಿ ಗೀರಿನ ಮ್ಯಾಲ ಕೈ ಅಲುಗದಂಗ ಎಳದೆ.
ಇಲ್ಲಿಗೆ ನೀರು ಮುಟ್ಟಿತಂದ್ರ ಯಾರನ್ನೂ ಕೇಳಬ್ಯಾಡ್ರಿ:
ಮೊದಲ ದನ, ಆಮ್ಯಾಲ ಗ್ಯಾಸಿನ ಟಾಕಿ, ಕಾಗದದ ಗಂಟು,
ದಿಬ್ಬ ಯಾರ ಹೆಸರಿಗೆ ಇದ್ದರೂ ಇರಲಿ.
ಮಾನೇರ ಸೊಸಿ ಬಂದಳು, "ನಮಗೂ ಒಂದು."
ಬಾಳೂ ಸುತಾರ ಬಂದ. ಮೈಮುನಾ ಟಾರ್ಚು ಹಿಡದಳು.
ಬಣ್ಣ ಹನ್ನೊಂದು ಮನೀಗೆ ಸಾಕಾತು,
ಹನ್ನೆರಡನೇದಕ್ಕ ಬರೇ ಬ್ರಶ್ಶು ತಿಕ್ಕಿ ಬಂದೆ.

ಮುಂಜಾನೆ ಸಾಹೇಬ ಬಂದು ನಿಂತ.
"ಇದು ಯಾವುದು? ನಕಾಶದಾಗ ಇಲ್ಲ."
ಅಕ್ಕಾತಾಯಿ ಹೇಳಿದಳು, ನನಗ ಹೇಳಿದಷ್ಟ.
ಅಂವ ಟೇಪು ಹಿಡದು ನೆಲದಿಂದ ಅಳದ,
ಫಾರ್ಮು ತಿರುವಿದ, ಮತ್ತೊಮ್ಮೆ ತಿರುವಿದ,
ಬರಿಯಾಕ ಕಾಲಮು ಸಿಗಲಿಲ್ಲ.
ಪೆನ್ನಿಲೆ ಅಂಗೈ ಮ್ಯಾಲ ಬರಕೊಂಡ.
ಆ ಹೊತ್ತಿಗೆ ಮಳಿ ಸಣ್ಣಗ ಹತ್ತಿತ್ತು.
ಜೀಪಿನತನಕ ಅಂವ
ಮುಷ್ಟಿ ಬಿಗಿಹಿಡಕೊಂಡ ಹ್ವಾದ.